ಹಳೇ ಫೋರ್ಡ್, ಕಾಲು ಮೈಲಿ ಓಟ

ಈ ಕಾರಿಗೆ ಬಾನೆಟ್ಟೂ ಇಲ್ಲ, ಮಡ್‌ಗಾರ್ಡೂ ಇಲ್ಲ. ಯಾರೂ ಕದ್ದಿಲ್ಲ, ಬೇಕೂಂತಲೇ ಬಿಚ್ಚಿಟ್ಟಿದ್ದು! ತೂಕ ಇಳಿದಷ್ಟೂ ಓಟ ಜಾಸ್ತಿ. ಇದೇ ಹಾಟ್ ರಾಡ್.

1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟುಕೋ ಬೆಲೆಗೆ ವಿ-8 ಎಂಜಿನ್ ಕೊಡ್ತು. 65 ಹಾರ್ಸ್‌ಪವರ್. ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಗಾಡಿ ತಂದು ಮನೆ ಶೆಡ್ಡಲ್ಲೇ ಬಿಚ್ಚಿದ್ರು. ಒಂದು ಕಾರ್ಬುರೇಟರ್ ಇದ್ದಲ್ಲಿ ಎರಡು ಕೂರಿಸಿದ್ರು. ತಲೆನೋವು ಒಂದೇ: ಸುಡೋ ಹೊಗೆ ಎಂಜಿನ್ ಬ್ಲಾಕ್ ಒಳಗಿಂದಲೇ ಹಾದು ಹೋಗುತ್ತೆ. ರೇಡಿಯೇಟರ್ ನೀರು ಅನ್ನದ ಎಸರಿನ ಹಾಗೆ ಕುದಿಯೋದು ಮಾಮೂಲು!

ಮೊದಮೊದಲು ಒಣಗಿದ ಕೆರೆಯಂಗಳದಲ್ಲಿ ಓಡಿಸ್ತಿದ್ರು. 1950ರಲ್ಲಿ ಸಾಂತಾ ಆನಾದ ವಿಮಾನ ರನ್‌ವೇನೇ ಡ್ರ್ಯಾಗ್ ಸ್ಟ್ರಿಪ್, ಅಂದ್ರೆ ಅಕ್ಕಪಕ್ಕ ನಿಂತು ನೇರಕ್ಕೆ ಓಡಿಸೋ ಜಾಗ ಆಯ್ತು. ಕಾಲು ಮೈಲಿ, ಅಂದ್ರೆ 402 ಮೀಟರ್. ತಿರುವೇ ಇಲ್ಲ. ಕ್ಲಚ್ ಬಿಟ್ಟಾಗ ಟೈರ್ ನಿಂತಲ್ಲೇ ಗಿರಗಿರ ಸುತ್ತಿದ್ರೆ, ಪಕ್ಕದವನು ಆಗಲೇ ಮುಂದೆ!