ನಮ್ಮ ಸಾಲದ ಪುಟ ನಮಗೇ ಕಂಡ ಕಥೆ

ಬೈಕಿನ ಸಾಲ ತೀರಿ ಎರಡು ವರ್ಷವಾಗಿದೆ. ಒಂದು ಕಂತೂ ತಪ್ಪಿಲ್ಲ, ಬ್ಯಾಂಕು ಕೊಟ್ಟ ಎನ್‌ಒಸಿ ಬೀರುವಿನಲ್ಲಿ ಭದ್ರವಾಗಿದೆ. ಮನೆ ಸಾಲ ಕೇಳಲು ಹೋದರೆ ಮ್ಯಾನೇಜರು ಪರದೆ ನೋಡಿ, ‘ಸಿಬಿಲ್ ಸರಿಯಿಲ್ವಲ್ಲ ಸಾರ್’ ಎನ್ನುತ್ತಾರೆ. ತೀರಿದ ಸಾಲ ಅಲ್ಲಿ ಇನ್ನೂ ಬಾಕಿ ಎಂದೇ ಕೂತಿದೆ. ಇಂಥ ಕಥೆ ಕೇಳಿಬರದ ಬೀದಿ ಈಗ ಕಡಿಮೆ. 2024ರ ಏಪ್ರಿಲ್ 26ರಿಂದ ಈ ತಪ್ಪಿಗೆ ಒಂದು ದರ ನಿಗದಿಯಾಗಿದೆ. ದೂರು ಕೊಟ್ಟ 30 ದಿನದೊಳಗೆ ತಿದ್ದದಿದ್ದರೆ, ಆಮೇಲಿನ ಪ್ರತಿ ದಿನಕ್ಕೂ ದೂರುದಾರರಿಗೆ 100 ರೂಪಾಯಿ ಕೊಡಬೇಕು. ಈ ನೂರು ರೂಪಾಯಿ ನಮ್ಮ ತನಕ ಬಂದ ದಾರಿ ಬಲು ಉದ್ದದ್ದು.

ಸಾಲದ ಲೆಕ್ಕ ಬರೆದಿಡುವುದು ನಮಗೇನೂ ಹೊಸತಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಶೆಟ್ಟರ ಕೈಯಲ್ಲಿದ್ದರೂ ಎದುರು ನಿಂತವರಿಗೆ ಕಾಣುತ್ತಿತ್ತು. ‘ಎರಡು ಸೇರು ಬೇಳೆ ನಾವು ಒಯ್ದೇ ಇಲ್ಲ’ ಎಂದು ಅಲ್ಲೇ ಜಗಳಕ್ಕೆ ನಿಲ್ಲಬಹುದಿತ್ತು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಸಾಲಗಾರನ ಯೋಗ್ಯತೆ ಅಳೆದದ್ದು ಊರವರೇ. 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗಿದ್ದದ್ದು ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯರ ಸ್ವಂತ ಆಸ್ತಿಗೂ ಕುತ್ತು. ಹಾಗಾಗಿ ಯಾರು ಯಾಕೆ ಸಾಲ ಕೇಳುತ್ತಿದ್ದಾರೆ, ಎತ್ತು ಕೊಳ್ಳಲೋ ಮದುವೆ ಮಾಡಲೋ ಎಂಬ ವಿಚಾರಣೆ ಮುಖಾಮುಖಿಯಾಗಿಯೇ ನಡೆಯಬೇಕಿತ್ತು. ಊರಿನ ಮುಲಾಜು, ಜಾತಿ, ಹಳೇ ಹಗೆ ಎಲ್ಲ ಅದರಲ್ಲಿ ಬೆರೆತಿರಬಹುದು. ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆದರೆ ಲೆಕ್ಕ ಬರೆಯುವವನ ಮುಖ ಮಾತ್ರ ಕಾಣುತ್ತಿತ್ತು.

ಮುಖ ಕಾಣದ ಲೆಕ್ಕ ಶುರುವಾದದ್ದು ನ್ಯೂಯಾರ್ಕಿನಲ್ಲಿ. ಲೂಯಿಸ್ ಟಪ್ಪನ್ ಅಲ್ಲಿನ ರೇಷ್ಮೆ ವ್ಯಾಪಾರಿ, ಗುಲಾಮಗಿರಿಯ ವಿರುದ್ಧ ದುಡ್ಡು ಸುರಿದ ದೈವಭಕ್ತ. 1837ರ ಆರ್ಥಿಕ ಕುಸಿತದಲ್ಲಿ ಅಣ್ಣ ಆರ್ಥರ್ ಜೊತೆ ನಡೆಸುತ್ತಿದ್ದ ಅಂಗಡಿ ನೆಲಕಚ್ಚಿತು. ದೂರದ ಊರುಗಳಿಂದ ಬಂದು ಉದ್ರಿ ಸರಕು ಒಯ್ಯುವವರನ್ನು ನಂಬುವುದು ಹೇಗೆ? ಈ ಪ್ರಶ್ನೆಯನ್ನೇ ಅವನು ದಂಧೆ ಮಾಡಿಕೊಂಡ. 1841ರಲ್ಲಿ ತೆರೆದ ಮರ್ಕೆಂಟೈಲ್ ಏಜೆನ್ಸಿಗೆ ಊರೂರಿನ ವಕೀಲರು ಪತ್ರ ಬರೆದು ಅಲ್ಲಿನ ವ್ಯಾಪಾರಿಗಳ ಆಸ್ತಿ, ನಡತೆ, ಕುಡಿತ, ಮನೆ ಜಗಳ ಎಲ್ಲವನ್ನೂ ವರದಿ ಮಾಡುತ್ತಿದ್ದರು. ಪ್ರತಿಫಲವಾಗಿ ಆ ಊರಿನ ಸಾಲ ವಸೂಲಿಯ ಕೇಸುಗಳು ಅವರ ಪಾಲಿಗೆ. ಅಬ್ರಹಾಂ ಲಿಂಕನ್ ಕೂಡ ವಕೀಲರಾಗಿದ್ದಾಗ ಹೀಗೆ ವರದಿ ಬರೆದವರು ಎಂದು ಆ ಕಂಪನಿಯ ವಾರಸುದಾರರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಚಂದಾದಾರ ಕಚೇರಿಗೆ ಬಂದರೆ ಗುಮಾಸ್ತ ವರದಿಯನ್ನು ಓದಿ ಹೇಳುತ್ತಿದ್ದ. ಬರೆದುಕೊಡುವ ಮಾತಿರಲಿಲ್ಲ. ಯಾರ ಬಗ್ಗೆ ಬರೆದಿದೆಯೋ ಅವನಿಗಂತೂ ಸುಳಿವೇ ಇಲ್ಲ. ಆ ದಪ್ಪ ಪುಸ್ತಕಗಳು ಎರಡೂವರೆ ಸಾವಿರಕ್ಕೂ ಹೆಚ್ಚು ಸಂಪುಟಗಳಾಗಿ ಈಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಗ್ರಂಥಾಲಯದಲ್ಲಿವೆ.

ಒಮ್ಮೆ ಮಾತ್ರ ಸುಳಿವು ಸಿಕ್ಕಿತು. ಒಹಾಯೊದ ನಾರ್ವಾಕ್ ಎಂಬ ಊರಿನ ವ್ಯಾಪಾರಿ ಜಾನ್ ಬಿಯರ್ಡ್ಸ್ಲಿಯ ಪುಟದಲ್ಲಿ, ಅವನ ಹೆಂಡತಿ ವಿಚ್ಛೇದನಕ್ಕೆ ಹೊರಟಿದ್ದಾಳೆ, ಜೀವನಾಂಶದ ಪಾಲು ಹೋದರೆ ಅಂಗಡಿ ಉಳಿಯುವುದು ಕಷ್ಟ ಎಂಬ ಅರ್ಥದ ಮಾತಿತ್ತು. ವಿಷಯ ಅವನ ಕಿವಿಗೆ ಬಿತ್ತು, ಮಾನನಷ್ಟದ ದಾವೆ ಹೂಡಿದ. 1851ರಲ್ಲಿ ಜ್ಯೂರಿ ಅವನ ಪರ 10,000 ಡಾಲರ್ ಪರಿಹಾರ ಘೋಷಿಸಿತು. ಸುಮಾರು ಎರಡು ದಶಕದ ನಂತರ ಅಮೆರಿಕದ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ವಯಸ್ಸೆಲ್ಲ ಕೋರ್ಟಿನ ಮೆಟ್ಟಿಲಲ್ಲಿ ಕಳೆಯುವುದು ನಮ್ಮಲ್ಲಿ ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು.

ವ್ಯಾಪಾರಿಗಳ ಬೆನ್ನಿಗೆ ಬಿದ್ದಿದ್ದ ಈ ವಿದ್ಯೆ ಬರಬರುತ್ತಾ ಸಂಬಳದವರ ಮನೆಗೂ ನುಗ್ಗಿತು. 1899ರಲ್ಲಿ ಅಟ್ಲಾಂಟಾದ ವುಲ್ಫರ್ಡ್ ಸಹೋದರರು ಹುಟ್ಟುಹಾಕಿದ ರಿಟೇಲ್ ಕ್ರೆಡಿಟ್ ಕಂಪನಿ, ಯಾವ ಗಿರಾಕಿ ಬಾಕಿಯನ್ನು ಬೇಗ ತೀರಿಸುತ್ತಾನೆ, ಯಾರು ಸತಾಯಿಸುತ್ತಾರೆ ಎಂಬ ಪಟ್ಟಿಯನ್ನು ಅಂಗಡಿಗಳಿಗೆ ಮಾರುತ್ತಿತ್ತು. ಅದೇ ಕಂಪನಿ ಈಗಿನ ಇಕ್ವಿಫ್ಯಾಕ್ಸ್. 1960ರ ದಶಕದ ಹೊತ್ತಿಗೆ ಅದರ ಕಡತಗಳಲ್ಲಿ ಜನರ ಖಾಸಗಿ ಬದುಕೂ ತುಂಬಿಕೊಂಡು ಗುಲ್ಲೆದ್ದಿತು. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಬೆನ್ನುಹತ್ತಿದ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಗೆ 1970ರ ಅಕ್ಟೋಬರ್ 26ರಂದು ಸಹಿ ಬಿತ್ತು. ತನ್ನ ಬಗ್ಗೆ ಏನು ಬರೆದಿದೆ ಎಂದು ತಿಳಿಯುವ, ತಪ್ಪಿದ್ದರೆ ತಕರಾರು ಎತ್ತುವ ಹಕ್ಕು ಅಲ್ಲಿನ ಸಾಲಗಾರನಿಗೆ ಸಿಕ್ಕಿತು. ತಕರಾರನ್ನು 30 ದಿನದಲ್ಲಿ ತನಿಖೆ ಮಾಡಬೇಕೆಂಬ ಗಡುವು ಬಂದದ್ದು 1996ರ ತಿದ್ದುಪಡಿಯಲ್ಲಿ.

ನಮ್ಮಲ್ಲಿ ಸಾಲಗಾರರ ಲೆಕ್ಕವಿಡುವ ಸಿಬಿಲ್ ಕಂಪನಿ ಹುಟ್ಟಿದ್ದು 2000ದ ಆಗಸ್ಟ್‌ನಲ್ಲಿ. ಸ್ಟೇಟ್ ಬ್ಯಾಂಕ್, ಎಚ್‌ಡಿಎಫ್‌ಸಿ, ಟ್ರಾನ್ಸ್‌ಯೂನಿಯನ್ ಜೊತೆ ಬಂಡವಾಳ ಹಾಕಿದ ನಾಲ್ಕನೆಯವರು ಡನ್ ಅಂಡ್ ಬ್ರಾಡ್‌ಸ್ಟ್ರೀಟ್, ಅಂದರೆ ಟಪ್ಪನ್ ಏಜೆನ್ಸಿಯ ನೇರ ಸಂತಾನ! ಬ್ಯಾಂಕುಗಳು ಒಟ್ಟಾಗಿ ಕಟ್ಟಿಕೊಂಡ ಈ ವ್ಯವಸ್ಥೆಗೆ ಗಿರಾಕಿಯ ಗುಟ್ಟು ಕಾಯುವ ಹಳೆಯ ನಿಯಮಗಳೇ ಅಡ್ಡಿಯಾದವು. ಅದಕ್ಕೆಂದೇ 2005ರಲ್ಲಿ ಪ್ರತ್ಯೇಕ ಕಾಯ್ದೆ ಬಂತು, 2006ರ ಡಿಸೆಂಬರ್‌ನಲ್ಲಿ ಜಾರಿಯಾಯಿತು. ಅದರ 21ನೇ ಕಲಮಿನಲ್ಲಿ ಸಾಲಗಾರನ ಕೋರಿಕೆಯ ಮೇಲೆ 30 ದಿನದೊಳಗೆ ಮಾಹಿತಿ ತಿದ್ದಲು ಕ್ರಮ ಕೈಗೊಳ್ಳಬೇಕೆಂದು ಆಗಲೇ ಬರೆದಿತ್ತು. ತಿದ್ದದಿದ್ದರೆ ಸಾಲಗಾರನಿಗೇನು ಸಿಗುತ್ತದೆ? ಆ ಬಗ್ಗೆ ಹದಿನೇಳು ವರ್ಷ ಮೌನ. ಸಾಲ ಕೊಡುವವರು 2007ರಿಂದಲೇ ನೋಡುತ್ತಿದ್ದ ಸಿಬಿಲ್ ಸ್ಕೋರ್ ಜನರಿಗೆ ಕಂಡದ್ದು 2011ರಲ್ಲಿ, ಅದೂ ದುಡ್ಡು ಕೊಟ್ಟು. ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದ್ದು 2017ರ ಜನವರಿಯಿಂದ. ಕೊನೆಗೆ ನೂರು ರೂಪಾಯಿಯ ಸುತ್ತೋಲೆ ಹೊರಬಿದ್ದ ದಿನ 2023ರ ಅಕ್ಟೋಬರ್ 26. ಅಮೆರಿಕದ ಕಾಯ್ದೆಗೆ ಸಹಿ ಬಿದ್ದ ತಾರೀಕೇ, ವರ್ಷ ಮಾತ್ರ 53 ತಡ.

ಸುತ್ತೋಲೆಯ ಒಳಗುಟ್ಟು 21 ದಿನದ ಲೆಕ್ಕದಲ್ಲಿದೆ. ಇಲ್ಲಿರುವ ನಾಲ್ಕು ಕ್ರೆಡಿಟ್ ಕಂಪನಿಗಳು (ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್) ತಾವಾಗಿ ಏನನ್ನೂ ತಿದ್ದುವಂತಿಲ್ಲ, ಸಾಲ ಕೊಟ್ಟ ಸಂಸ್ಥೆ ಹೌದೆನ್ನಬೇಕು. ಆ ಬ್ಯಾಂಕು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸದಿದ್ದರೆ ದಂಡ ಬ್ಯಾಂಕಿನ ಮೇಲೆ. ಕಳಿಸಿದ ಮೇಲೂ ತಿದ್ದುಪಡಿ ತಡವಾದರೆ ಕ್ರೆಡಿಟ್ ಕಂಪನಿಯ ಮೇಲೆ. ಆದ್ದರಿಂದ ಬರೀ ಸಿಬಿಲ್‌ಗೆ ದೂರು ಕೊಟ್ಟು ಕೂರುವುದಕ್ಕಿಂತ ಎನ್‌ಒಸಿ ಲಗತ್ತಿಸಿ ಬ್ಯಾಂಕಿಗೂ ಬರೆಯುವುದು ಜಾಣತನ. ದೂರಿನ ಸಂಖ್ಯೆ, ತಾರೀಕು ಇಟ್ಟುಕೊಂಡಿರಬೇಕು. ಪರಿಹಾರ ಜಮೆಯಾಗಬೇಕಾದ ಖಾತೆಯ ವಿವರವನ್ನು ದೂರಿನ ಜೊತೆಗೇ ಕೊಡಬೇಕು. ಬಹಳ ಜನ ಇದನ್ನೇ ಬಿಡುತ್ತಾರೆ. 30 ದಿನ ಕಳೆದರೂ ಕೆಲಸವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. 2021ರ ಯೋಜನೆಯಂತೂ ವಕೀಲರ ಮೂಲಕ ಬಂದ ದೂರನ್ನು ಪರಿಗಣಿಸುವುದೇ ಇಲ್ಲ ಎಂದಿತ್ತು. ‘ಸಿಬಿಲ್ ಕ್ಲೀನ್ ಮಾಡಿಸಿಕೊಡ್ತೀವಿ’ ಎಂದು ಗೋಡೆಗೆ ಚೀಟಿ ಅಂಟಿಸುವವರು ಮಾಡುವುದೂ ಇದೇ ಅರ್ಜಿ ತುಂಬುವ ಕೆಲಸ, ಐದಾರು ಸಾವಿರ ಕಿತ್ತುಕೊಂಡು.

ತಿದ್ದಲಾಗದ್ದೂ ಉಂಟು. ಅಸಲಿನಲ್ಲೋ ಬಡ್ಡಿಯಲ್ಲೋ ಒಂದಷ್ಟು ಬಿಡಿಸಿಕೊಂಡು ರಾಜಿಯಲ್ಲಿ ಚುಕ್ತಾ ಮಾಡಿದ ಸಾಲ ‘ಕ್ಲೋಸ್ಡ್’ ಎಂದಲ್ಲ, ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ಮುಂದೆ ಸಾಲ ಕೊಡುವವನ ಕಣ್ಣಿಗೆ ಎರಡೂ ಒಂದೇ ಅಲ್ಲ. ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲು ಇದನ್ನು ಬಾಯಿಬಿಟ್ಟು ಹೇಳುವ ವಸೂಲಿಯವರು ಅಪರೂಪ.

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಸಣ್ಣ ಶೆಡ್ ಇಟ್ಟುಕೊಂಡವರ ಪಾಡು ಇನ್ನೊಂದು ಬಗೆ. ಪ್ರೊಪ್ರೈಟರ್ ಹೆಸರಿನ ಘಟಕಕ್ಕೆ ಮಾಲೀಕನಿಂದ ಬೇರೆಯಾದ ಅಸ್ತಿತ್ವವಿಲ್ಲ. ದೊಡ್ಡ ಗಿರಾಕಿ ಬಿಲ್ಲು ಸತಾಯಿಸಿದರೆ ಇವರ ಕಂತು ತಪ್ಪುತ್ತದೆ, ಕಲೆ ಇವರ ಸ್ವಂತ ವರದಿಗೆ ಅಂಟುತ್ತದೆ. ಇದಕ್ಕೂ ಕಾನೂನಿದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಒಪ್ಪಂದ ಏನೇ ಇರಲಿ, ಬಿಲ್ಲಿನ ಹಣ ಕೊಡಲು 45 ದಿನ ದಾಟುವಂತಿಲ್ಲ. ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಉದ್ಯಮ್ ನೋಂದಣಿ ಇದ್ದರೆ ಸರ್ಕಾರದ ಪೋರ್ಟಲಿನಲ್ಲಿ ತಾವೇ ಅರ್ಜಿ ಹಾಕಬಹುದು. ತಯಾರಿಕೆ, ಸೇವೆಯವರಿಗೆ ಮಾತ್ರ ಈ ಅನುಕೂಲ, ಬರೀ ಕೊಂಡು ಮಾರುವವರಿಗಿಲ್ಲ. ಆದರೂ ವರ್ಷಾನುಗಟ್ಟಲೆ ಸರಕು ಕೊಳ್ಳುವ ಗಿರಾಕಿಯ ಮೇಲೆ ಅರ್ಜಿ ಹಾಕುವ ಧೈರ್ಯ ಎಷ್ಟು ಜನಕ್ಕಿದ್ದೀತು? ನಾಳೆ ಆರ್ಡರೇ ನಿಂತೀತು ಎಂಬ ಭಯವನ್ನು ಯಾವ ಕಲಮೂ ಬಿಡಿಸಿಲ್ಲ.

ನೂರು ರೂಪಾಯಿ ದೊಡ್ಡ ಮೊತ್ತವೇನಲ್ಲ. ಸಾಲ ತೀರಿದ ಮೇಲೂ ಮನೆ, ಜಮೀನಿನ ಮೂಲ ಪತ್ರ ಕೊಡದೆ ಸತಾಯಿಸುವ ಬ್ಯಾಂಕಿಗೆ ಅದೇ ರಿಸರ್ವ್ ಬ್ಯಾಂಕ್ 2023ರಲ್ಲೇ ನಿಗದಿ ಮಾಡಿದ ದರ ದಿನಕ್ಕೆ 5,000 ರೂಪಾಯಿ. ಕಾಗದದ ಪತ್ರಕ್ಕಿರುವ ಮರ್ಯಾದೆ ಕಂಪ್ಯೂಟರಿನ ಪುಟಕ್ಕೆ ಇನ್ನೂ ಬಂದಿಲ್ಲ ಎನ್ನಬೇಕು. ಬ್ಯಾಂಕುಗಳು 2025ರ ಜನವರಿಯಿಂದ ತಿಂಗಳ ಬದಲು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕಾಗಿ ಬಂದದ್ದರಿಂದ ತೀರಿದ ಸಾಲ ಮೊದಲಿಗಿಂತ ಬೇಗ ಪುಟದಲ್ಲಿ ‘ಕ್ಲೋಸ್ಡ್’ ಎಂದು ದಾಖಲಾಗಬೇಕು. ಆದರೆ ಆ ಪುಟದ ತಲೆಯ ಮೇಲೆ 300ರಿಂದ 900ರ ನಡುವೆ ಕೂರುವ ಅಂಕಿ ಇದೆಯಲ್ಲ, ಅದನ್ನು ಯಾವ ಸೂತ್ರದಿಂದ ತೆಗೆದರು ಎಂಬ ತಕರಾರಿಗೆ ಈ ನೂರು ರೂಪಾಯಿ ಅನ್ವಯಿಸುವುದಿಲ್ಲ ಎಂದು ಸುತ್ತೋಲೆಯೇ ಹೇಳಿಬಿಟ್ಟಿದೆ.