ಲಿಲಿಯನ್ ರಾತ್ ಪಾತ್ರಕ್ಕೆ ಸೂಸನ್ ಹೇವರ್ಡ್ ಕಂಠ

ಗಾಯಕಿಯೊಬ್ಬಳ ಬದುಕನ್ನು ಸಿನಿಮಾ ಮಾಡಹೊರಟವರು ಮೊದಲು ತೀರ್ಮಾನಿಸಬೇಕಾದದ್ದು, ಹಾಡುವವರು ಯಾರು ಎಂಬುದನ್ನು. ಆ ಗಾಯಕಿ ಬದುಕಿದ್ದರೆ ಅವರಿಂದಲೇ ಹಾಡಿಸಬಹುದು. ಬೇರೊಬ್ಬ ವೃತ್ತಿಗಾಯಕಿಯನ್ನು ಕರೆತರಬಹುದು. ಇಲ್ಲವೇ ಪಾತ್ರ ಮಾಡುವ ನಟಿಯೇ ಹಾಡಬಹುದು.

ಹಾಲಿವುಡ್ ನಟಿ ಸೂಸನ್ ಹೇವರ್ಡ್ ಈ ಮೂರೂ ದಾರಿ ತುಳಿದವರು. 1947ರ ‘ಸ್ಮ್ಯಾಶ್-ಅಪ್’ ಚಿತ್ರದಲ್ಲಿ ಅವರದು ಕುಡಿತಕ್ಕೆ ಬಿದ್ದ ಕಲ್ಪಿತ ಗಾಯಕಿಯ ಪಾತ್ರ. ಹಾಡಿದ್ದು ಪೆಗ್ ಲಾ ಸೆಂಟ್ರಾ. 1952ರ ‘ವಿತ್ ಎ ಸಾಂಗ್ ಇನ್ ಮೈ ಹಾರ್ಟ್’ನಲ್ಲಿ ಅವರು ಗಾಯಕಿ ಜೇನ್ ಫ್ರೋಮನ್ ಆದರು; ಕಂಠ ಸ್ವತಃ ಫ್ರೋಮನ್ ಅವರದು. 1955ರಲ್ಲಿ ಎಂಜಿಎಂ ಸಂಸ್ಥೆಯ ‘ಐ’ಲ್ ಕ್ರೈ ಟುಮಾರೊ’ದಲ್ಲಿ ಲಿಲಿಯನ್ ರಾತ್ ಆದಾಗ ಮಾತ್ರ ಹೇವರ್ಡ್ ತಾವೇ ಹಾಡಿದರು. ರಾತ್ ಆಗ ಬದುಕಿದ್ದರು, ಹಾಡುತ್ತಲೂ ಇದ್ದರು.

ನಟಿಯೇ ಹಾಡಿದರು ಎಂದರೆ ಕ್ಯಾಮೆರಾ ಮುಂದೆ ನಿಂತು ಹಾಡಿದರು ಎಂದಲ್ಲ. ಆ ಕಾಲದ ಸ್ಟುಡಿಯೋಗಳಲ್ಲಿ ಹಾಡು ಮೊದಲೇ ಧ್ವನಿಮುದ್ರಣವಾಗುತ್ತಿತ್ತು. ಈ ಪದ್ಧತಿ ಎಂಜಿಎಂನಲ್ಲಿ ಬೇರೂರಿದ್ದು 1929ರ ‘ದ ಬ್ರಾಡ್‌ವೇ ಮೆಲೊಡಿ’ ಹೊತ್ತಿಗೆ. ಅದರ ಒಂದು ನೃತ್ಯಗೀತೆಯ ದೃಶ್ಯವನ್ನು ಮತ್ತೆ ಚಿತ್ರೀಕರಿಸಬೇಕಾಗಿ ಬಂತು. ಧ್ವನಿ ಚೆನ್ನಾಗಿಯೇ ಇದ್ದುದರಿಂದ ಅದನ್ನು ಉಳಿಸಿಕೊಂಡು, ಸೆಟ್‌ನಲ್ಲಿ ನುಡಿಸಿ, ಚಿತ್ರವನ್ನಷ್ಟೇ ಹೊಸದಾಗಿ ತೆಗೆದರು. ಧ್ವನಿ ವಿಭಾಗದ ಹೊಣೆ ಡಗ್ಲಾಸ್ ಶಿಯರರ್ ಅವರದಾಗಿತ್ತು. ಮುಂದೆ ಅದೇ ರೂಢಿಯಾಯಿತು. ಮೊದಲು ವಾದ್ಯವೃಂದದೊಂದಿಗೆ ಹಾಡು, ಆಮೇಲೆ ಸೆಟ್‌ನಲ್ಲಿ ಸ್ಪೀಕರ್‌ನಿಂದ ಬರುವ ಹಾಡಿಗೆ ತುಟಿಚಲನೆ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್‌ಗಳಂತೆ ಓಡುತ್ತದೆ. ತುಟಿ ಮತ್ತು ದನಿಯ ನಡುವೆ ಕೆಲವೇ ಫ್ರೇಮ್‌ಗಳ ಅಂತರ ಬಿದ್ದರೂ ಕಣ್ಣಿಗೆ ರಾಚುತ್ತದೆ. ಹಾಗಾಗಿ ಹೇವರ್ಡ್ ತಮ್ಮದೇ ಹಾಡಿಗೂ ತುಟಿ ಹೊಂದಿಸಲೇಬೇಕಿತ್ತು.

ಹಾಗಾದರೆ ಲಾಭವೇನು? ಹಾಡಿನೊಳಗಿನ ಅಭಿನಯ ಧ್ವನಿಮುದ್ರಣದ ದಿನವೇ ನಿರ್ಧಾರವಾಗಿಬಿಡುತ್ತದೆ. ಯಾವ ಪದವನ್ನು ಎಳೆಯಬೇಕು, ಎಲ್ಲಿ ದನಿ ಒಡೆಯಬೇಕು, ನಗು ಎಷ್ಟು ಬಲವಂತದ್ದಾಗಿರಬೇಕು ಎಂಬುದೆಲ್ಲ ಅಲ್ಲೇ ಮುಗಿಯುತ್ತದೆ. ಬೇರೊಬ್ಬರು ಹಾಡಿದರೆ ಆ ಅರ್ಧ ಅಭಿನಯ ಅವರದಾಗುತ್ತದೆ. ಕ್ಯಾಮೆರಾ ಮುಂದಿನ ನಟಿ ಅದನ್ನು ಹಿಂಬಾಲಿಸಬೇಕಷ್ಟೆ. ರಾತ್ ಕಥೆ ಖ್ಯಾತಿಯಿಂದ ಕುಡಿತದ ಪಾತಾಳಕ್ಕೆ ಇಳಿದು ಮೇಲೆದ್ದು ಬಂದವಳದು, ಅವರೇ 1954ರಲ್ಲಿ ಪ್ರಕಟಿಸಿದ ಆತ್ಮಕಥೆಯಿಂದ ಎತ್ತಿಕೊಂಡದ್ದು. ಮಾತಾಡುವ ಹೆಂಗಸು ಹಾಡತೊಡಗಿದಾಗ ಅದೇ ಹೆಂಗಸಾಗಿ ಕೇಳಿಸಬೇಕು. ಹೇವರ್ಡ್ ಅವರ ತಗ್ಗುದನಿಯ, ತುಸು ಒರಟಾದ ಕಂಠ ಮಾತಿನಿಂದ ಹಾಡಿಗೆ ಬಿರುಕಿಲ್ಲದೆ ದಾಟುತ್ತದೆ. ಅವರ ಕಂಠ ರಾತ್ ಕಂಠದಂತಿಲ್ಲ. ಅದು ನನಗೆ ಕೊರತೆ ಎನಿಸುವುದಿಲ್ಲ. ಪಾತ್ರ ಒಂದೇ ದೇಹದಿಂದ ಹೊರಟಿದೆ ಎಂಬ ನಂಬಿಕೆ ಅದಕ್ಕಿಂತ ದೊಡ್ಡದು.

ವೃತ್ತಿಗಾಯಕಿಯಲ್ಲದವರ ಕಂಠವನ್ನು ಗೆಲ್ಲಿಸುವ ಉಪಾಯಗಳಿವೆ. ಹಾಡಿನ ಶ್ರುತಿಯನ್ನು ನಟಿಗೆ ಹೊಂದುವಷ್ಟು ಇಳಿಸುತ್ತಾರೆ. ಉಸಿರು ಸಾಲದ ಕಡೆ ವಾದ್ಯಗಳು ತುಂಬಿಕೊಡುತ್ತವೆ. ಮೈಕ್ ಹತ್ತಿರವಿದ್ದರೆ ಗಂಟಲು ಬಿಚ್ಚಿ ಹಾಡಬೇಕಿಲ್ಲ. ಹಲವು ಟೇಕ್‌ಗಳಿಂದ ಒಳ್ಳೆಯ ಸಾಲುಗಳನ್ನು ಆಯ್ದು ಜೋಡಿಸಬಹುದು. ರಾತ್ ಹಾಡುತ್ತಿದ್ದುದು ರಂಗಮಂಚ ಮತ್ತು ನೈಟ್‌ಕ್ಲಬ್ಬಿನ ಜನಪ್ರಿಯ ಗೀತೆಗಳನ್ನಾದ್ದರಿಂದ ಇವೆಲ್ಲ ಸಾಧ್ಯವಾಯಿತು.

ಅದೇ ವರ್ಷ ಅದೇ ಎಂಜಿಎಂ ‘ಇಂಟರಪ್ಟೆಡ್ ಮೆಲೊಡಿ’ಯನ್ನೂ ತಂದಿತು. ಪೋಲಿಯೊಗೆ ತುತ್ತಾದ ಆಸ್ಟ್ರೇಲಿಯದ ಆಪೆರಾ ಗಾಯಕಿ ಮಾರ್ಜರಿ ಲಾರೆನ್ಸ್ ಅವರ ಕಥೆ ಅದು. ನಟಿಸಿದ್ದು ಎಲಿನರ್ ಪಾರ್ಕರ್, ಹಾಡಿದ್ದು ಐಲೀನ್ ಫ್ಯಾರೆಲ್. ವ್ಯಾಗ್ನರ್‌ನ ಆಪೆರಾ ಹಾಡಲು ವರ್ಷಗಟ್ಟಲೆ ಪಳಗಿದ ಕಂಠ ಬೇಕು, ಯಾವ ಉಪಾಯವೂ ಅಲ್ಲಿ ನಡೆಯದು. ಫ್ರೋಮನ್ ಚಿತ್ರದ ಕಾರಣ ಬೇರೆ. ಅವರು 1943ರಲ್ಲಿ ಸೈನಿಕರಿಗಾಗಿ ಹಾಡಲು ಹೊರಟಿದ್ದಾಗ ವಿಮಾನ ಲಿಸ್ಬನ್ನಿನ ಟೇಗಸ್ ನದಿಗೆ ಬಿದ್ದು ಕಾಲುಗಳಿಗೆ ತೀವ್ರ ಪೆಟ್ಟಾಯಿತು. ಅಂಥ ಅಪಘಾತದಿಂದಲೂ ಉಳಿದುಬಂದ ದನಿಯನ್ನು ಆಗಿನ ರೇಡಿಯೊ ಕೇಳುಗರೆಲ್ಲ ಬಲ್ಲವರಾಗಿದ್ದರು. ಅದರ ಜಾಗದಲ್ಲಿ ಬೇರೆ ಕಂಠ ಕೂರಿಸಿದ್ದರೆ ಕಥೆಗೇ ಮೋಸವಾಗುತ್ತಿತ್ತು.

ನನಗೆ ಒಪ್ಪಲಾಗದ್ದು 1957ರ ‘ದ ಹೆಲೆನ್ ಮೋರ್ಗನ್ ಸ್ಟೋರಿ’. ನಾಯಕಿ ಆ್ಯನ್ ಬ್ಲೈತ್ ಚೆನ್ನಾಗಿ ಹಾಡಬಲ್ಲವರು. ಆದರೂ ಅವರ ಕಂಠವನ್ನು ಬದಿಗಿಟ್ಟು ಗೋಗಿ ಗ್ರ್ಯಾಂಟ್ ಅವರಿಂದ ಹಾಡಿಸಿದರು. ಮೋರ್ಗನ್ ಕೂಡ ಕುಡಿತದಲ್ಲಿ ನಲುಗಿದವರೇ. ಮಾತಿಗೊಂದು, ಹಾಡಿಗೊಂದು ಕಂಠವಾಗಿ ಆ ನೋವು ಎರಡು ಪಾಲಾಯಿತು. ಮುಂದೆ 1980ರ ‘ಕೋಲ್ ಮೈನರ್ಸ್ ಡಾಟರ್’ನಲ್ಲಿ ಸಿಸ್ಸಿ ಸ್ಪೇಸೆಕ್ ಲೊರೆಟಾ ಲಿನ್ ಹಾಡುಗಳನ್ನು ತಾವೇ ಹಾಡಿ, ಆ ಪಾತ್ರಕ್ಕೆ ಆಸ್ಕರ್ ಪಡೆದರು.

ಹೇವರ್ಡ್ ಅವರ 1952 ಮತ್ತು 1955ರ ಚಿತ್ರಗಳನ್ನು ಒಂದರ ಹಿಂದೊಂದು ನೋಡಿ. ತುಟಿಗಳನ್ನಲ್ಲ, ಕತ್ತನ್ನು ಗಮನಿಸಿ. ಸಾಲಿಗೆ ಮುಂಚೆ ಉಸಿರೆಳೆಯುವುದನ್ನು ಗಮನಿಸಿ. ಮಾತು ಮುಗಿದು ಹಾಡು ಶುರುವಾಗುವ ಕ್ಷಣದಲ್ಲಿ ಕಣ್ಣು ಮುಚ್ಚಿ ಕೇಳಿ. 1955ರ ಅಭಿನಯಕ್ಕೆ ಹೇವರ್ಡ್ ಮತ್ತು ಪಾರ್ಕರ್ ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಪ್ರಶಸ್ತಿ ಆ್ಯನಾ ಮ್ಯಾನ್ಯಾನಿ ಪಾಲಾಯಿತು. ಹೇವರ್ಡ್‌ಗೆ 1956ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ಕಿತು.