ಮುಚ್ಚಿದ ಕಾರು, ಒಳಗುಳಿದ ಕೀಲಿಕೈ

ಭಾಗ್ಯನಗರದ ಕನ್ನಡಿಗರಾದ ನಾವು ಬೀಗದ ವಿಷಯದಲ್ಲೂ ಒಂದೇ ಮಾತನಾಡುವವರಲ್ಲ. ಕಲಬುರಗಿ, ಬೀದರ್ ಕಡೆಯಿಂದ ಬಂದವರಿಗೆ ಅದು ಕೀಲಿ, ಕೀಲಿಕೈ. ಮೈಸೂರು ಕಡೆಯವರಿಗೆ ಬೀಗ, ಬೀಗದ ಕೈ. ನೆರೆಯ ತೆಲುಗರಿಗೆ ತಾಳಂ, ತಾಳಂಚೆವಿ. ಕಾರಿನ ಬಾಗಿಲು ಮುಚ್ಚಿಕೊಂಡು ಕೀಲಿಕೈ ಒಳಗೇ ಉಳಿದಾಗ ಮಾತ್ರ ಎಲ್ಲರೂ ಅರಸುವುದು ದಖನಿಯ ಚಾಬೀವಾಲಾನನ್ನೇ. ಆದರೆ ಆತನನ್ನು ಕರೆಯುವ ಮೊದಲು ಮಾಲೀಕರು ಅರ್ಧ ಗಂಟೆ ತಾವೇ ಹೆಣಗಿರುತ್ತಾರೆ. ಆತನ ಶ್ರಮವೂ ಇವರ ಖರ್ಚೂ ಬಹುಮಟ್ಟಿಗೆ ನಿರ್ಧಾರವಾಗುವುದು ಆ ಅರ್ಧ ಗಂಟೆಯಲ್ಲಿಯೇ.

ಹಳೆಯ ಸರಳ ಕಾರುಗಳಲ್ಲಿ ಉಕ್ಕಿನ ಸ್ಕೇಲನ್ನು ಗಾಜು ಮತ್ತು ರಬ್ಬರ್ ಪಟ್ಟಿಯ ನಡುವೆ ಇಳಿಸಿ ಒಳಗಿನ ಸಲಾಕೆಯನ್ನು ಎಳೆದರೆ ಬಾಗಿಲು ತೆರೆಯುವುದಿತ್ತು. ಇಂದಿನ ಬಾಗಿಲಿನೊಳಗೆ ವಿದ್ಯುತ್ ಕಿಟಕಿಯ ತಂತಿಗಳಿವೆ, ಬೀಗದ ಪುಟ್ಟ ಮೋಟಾರಿದೆ, ಕೆಲವು ಮಾದರಿಗಳಲ್ಲಿ ಏರ್‌ಬ್ಯಾಗಿಗೆ ಸಂಬಂಧಿಸಿದ ಸೆನ್ಸರ್ ಕೂಡ ಇದೆ. ಕುರುಡಾಗಿ ಇಳಿಸಿದ ಸ್ಕೇಲು ಸಲಾಕೆಯನ್ನು ಅದರ ಕೊಕ್ಕೆಯಿಂದ ಕಳಚಿತೆಂದರೆ, ಆ ಮೇಲೆ ಸರಿಯಾದ ಕೀಲಿಕೈ ಸಿಕ್ಕಿದರೂ ಆ ಬಾಗಿಲು ತೆರೆಯದು. ಬಾಗಿಲಿನ ಒಳಹಲಗೆಯನ್ನೇ ಬಿಚ್ಚಬೇಕಾಗುತ್ತದೆ. ನುರಿತವನಾದರೋ ಗಾಳಿ ತುಂಬುವ ಪುಟ್ಟ ಚೀಲದಿಂದ ಬಾಗಿಲಿನ ಅಂಚನ್ನು ಕೂದಲೆಳೆಯಷ್ಟು ಸರಿಸಿ, ಉದ್ದನೆಯ ಕಂಬಿಯಿಂದ ಒಳಹಿಡಿಯನ್ನು ಎಳೆದು ಕೆಲಸ ಮುಗಿಸುತ್ತಾನೆ.

ಕೀಲಿಕೈ ಬೀಗದಲ್ಲೇ ಮುರಿದಾಗಿನ ಅನಾಹುತ ಇನ್ನೂ ದೊಡ್ಡದು. ತುಂಡು ಹೊರಗೆ ಇಣುಕುತ್ತಿದ್ದರೆ ಸಣ್ಣ ಕೊಕ್ಕೆಯಿಂದ ತೆಗೆಯಬಹುದು. ಉಳಿದರ್ಧಕ್ಕೆ ಫೆವಿಕ್ವಿಕ್ ಸವರಿ, ಅಂಟಿಸಿ ಎಳೆಯುವ ಜಾಣತನಕ್ಕೆ ಹೊರಟರೆ, ಅಂಟು ಬೀಗದೊಳಗಿನ ತಗಡುಗಳನ್ನು ಹಿಡಿದುಕೊಂಡು ಬೀಗವನ್ನೇ ಬದಲಿಸುವ ಪ್ರಸಂಗ ಬರುತ್ತದೆ.

ಮೊದಲು ಯಾರಾದರೂ ಕೈ ಹಾಕಿದ್ದರೇ ಎಂದು ಅನುಭವಸ್ಥನು ಕೇಳಿಯೇ ಕೇಳುತ್ತಾನೆ. ಗಾಜಿನ ಮೇಲೆ ಹೊಸ ಗೀರುಗಳಿದ್ದರೂ ಇಲ್ಲವೆನ್ನುವವರೇ ಹೆಚ್ಚು. ವೈದ್ಯರ ಮುಂದೆ ರೋಗವನ್ನು ಮುಚ್ಚಿಟ್ಟಂತೆ ಇದು. ಗೀರು ಯಾರದೆಂಬ ವಾಗ್ವಾದವೂ ಇಲ್ಲಿಂದಲೇ ಹುಟ್ಟುತ್ತದೆ. ಆತನು ಆರ್.ಸಿ. ತೋರಿಸಿರೆಂದರೆ ಸಿಡುಕುವವರಿದ್ದಾರೆ. ಕೇಳದೆ ತೆರೆದುಕೊಡುವವನ ಬಗೆಗೇ ನಾವು ಅಂಜಬೇಕಲ್ಲವೇ?

ಗುಂಡಿ ಒತ್ತಿ ಹೊರಡಿಸುವ ಕಾರುಗಳಲ್ಲಿ ರಿಮೋಟಿನ ಬ್ಯಾಟರಿ ಮುಗಿದರೆ ಗಾಬರಿಯೇ ಬೇಡ. ಸಾಮಾನ್ಯವಾಗಿ ಆ ರಿಮೋಟಿನೊಳಗೇ ಲೋಹದ ಕೀಲಿಕೈಯೊಂದು ಅಡಗಿರುತ್ತದೆ. ಬಾಗಿಲಿನ ಹಿಡಿಯಲ್ಲಿ, ಕೆಲವೊಮ್ಮೆ ಮುಚ್ಚಳದ ಹಿಂದೆ, ಅದರ ರಂಧ್ರವಿರುತ್ತದೆ. ಒಳಗೆ ಕುಳಿತ ಮೇಲೆ ಅನೇಕ ಮಾದರಿಗಳಲ್ಲಿ ರಿಮೋಟನ್ನು ಆ ಗುಂಡಿಗೇ ತಾಗಿಸಿ ಒತ್ತಿದರೆ ಎಂಜಿನ್ ಹೊರಡುತ್ತದೆ. ಇಷ್ಟನ್ನು ಅರಿಯದೆ ಗಾಜು ಒಡೆದವರೂ ಉಂಟು.

ಗಾಜು ಒಡೆಯಲೇಬೇಕಾದ ಸಂದರ್ಭವೊಂದಿದೆ. ಮಗು ಒಳಗೆ ಸಿಲುಕಿದ್ದರೆ ಚಾಬೀವಾಲಾನಿಗಾಗಿ ಕಾಯುವಂತಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಉಷ್ಣತೆ 10 ನಿಮಿಷಗಳಲ್ಲಿಯೇ ಸುಮಾರು 10 ಡಿಗ್ರಿ ಏರಬಲ್ಲದು. ಹೊರಗೇ 40 ಡಿಗ್ರಿ ಇರುವ ನಮ್ಮ ಮೇ ತಿಂಗಳಲ್ಲಿ ಅದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು 112ಕ್ಕೆ ಕರೆ ಮಾಡುತ್ತಿರುವಾಗಲೇ ಮತ್ತೊಬ್ಬರು ಮಗುವಿನಿಂದ ಅತಿ ದೂರದ ಪಕ್ಕದ ಕಿಟಕಿಯ ಮೂಲೆಗೆ ಗಟ್ಟಿಯಾದ ಚೂಪು ವಸ್ತುವಿನಿಂದ ಹೊಡೆಯಬೇಕು. ಮುಂಗಾಜು ಪದರಗಳನ್ನು ಅಂಟಿಸಿ ಮಾಡಿದ್ದು. ಅದು ಬಿರಿಯುತ್ತದೆಯೇ ಹೊರತು ದಾರಿ ಬಿಡುವುದಿಲ್ಲ.

ಹೊಸ ಕಾರಿನೊಂದಿಗೆ ಕೀಲಿಕೈಯ ಸಂಖ್ಯೆಯುಳ್ಳ ಪುಟ್ಟ ಬಿಲ್ಲೆ ಬಂದಿದ್ದರೆ ಅದನ್ನೂ ಎರಡನೆಯ ಕೀಲಿಕೈಯನ್ನೂ ಈಗಲೇ ಹುಡುಕಿಡಿ. ಊರಿಗೆ ಹೊರಡುವಾಗ ಆ ಎರಡನೆಯದು ಮನೆಯವರಲ್ಲಿ ಇನ್ನೊಬ್ಬರ ಜೇಬಿನಲ್ಲಿರಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಂತೂ ಬೇಡ.